ಬಲಕ್ಕೆ ಬಿದ್ದ ಹೂವು

ಅವರನ್ನು ನಮ್ಮ ವಾರ್ಡಿಗೆ ತಂದು ಮಲಗಿಸಿದ ದಿನ ನಾನು ಮೊದಲು ನೋಡಿದ್ದು ಅವರ ಬೆರಳುಗಳನ್ನು. ಡ್ರಿಪ್ ಹಾಕಲು ನರ ಹುಡುಕಬೇಕಿತ್ತು, ಕೈ ಹಿಡಿಯಲೇಬೇಕಿತ್ತು. ಇಪ್ಪತ್ತು ವರ್ಷ ನಾನು ಕಂಡಿದ್ದ ಬೆರಳುಗಳು ಅವಾಗಿರಲಿಲ್ಲ. ಆ ತುದಿಗಳು ಯಾವತ್ತೂ ಒದ್ದೆ. ರಾಶಿ ಬಟ್ಟೆ ಒಗೆದು ಬಂದ ಹೆಂಗಸರ ಕೈಯ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಈಗ ಒಣಗಿ ಬಿರುಕು ಬಿಟ್ಟಿದ್ದವು.

"ಗುನಗರೇ, ಕೈಗೆ ಎಂತ ಆತು?" ಎಂದೆ.

"ಹೂನೀರು ಮುಟ್ಟದೇ ಎರಡು ವರ್ಷ ಆತಲ್ಲ ಸಿಸ್ಟ್ರೇ," ಎಂದರು.

ಹೊಟ್ಟೆಯೊಳಗಿನ ಗಡ್ಡೆಯ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ತೀರಿಕೊಂಡು ಈಗ ಐದು ತಿಂಗಳಾಯಿತು.

ನಮ್ಮ ಕಡೆ ಊರಮ್ಮನ ಪೂಜೆ ಗುನಗ ಎಂಬ ಜಾತಿಯವರದ್ದು. ಇವರಿಗೂ ತಮ್ಮದೇ ಒಂದು ಹೆಸರಿತ್ತು, ಆಸ್ಪತ್ರೆಯ ಕಾಗದದಲ್ಲಿ ನಾನೇ ಕೈಯಾರೆ ಬರೆದೆ. ಆದರೆ ಶರಾವತಿ ಸೇತುವೆಯ ಆಚೆ ಈಚೆ ಯಾರೂ ಆ ಹೆಸರು ಹಿಡಿದು ಕರೆದದ್ದು ನನಗೆ ಗೊತ್ತಿಲ್ಲ. ಇಲ್ಲಿಯೂ ಬೇಡ.

ಅವರು ಪೂಜೆಗಿಂತ ಹೆಚ್ಚಾಗಿ ಹೆಸರು ಮಾಡಿದ್ದು ಪ್ರಸಾದ ಹಚ್ಚುವುದರಲ್ಲಿ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಕಷ್ಟ ಬಂದವರು ದೇವರ ಮುಂದೆ ನಿಂತು ಒಂದು ಪ್ರಶ್ನೆ ಇಡುತ್ತಾರೆ. ಪೂಜೆಯವರು ಕೇಪಳದ ಹೂವುಗಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿನ ಮೈಮೇಲೆ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಎಲ್ಲರೂ ಕೈಮುಗಿದು ಕಾಯುತ್ತಾರೆ. ಬಲದ ಹೂವು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ. ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಒಂದು ತಾಸು. ಆ ಹೊತ್ತಿನಲ್ಲಿ ಗರ್ಭಗುಡಿಯ ಮುಂದೆ ನಿಂತವರ ಮುಖ ನೋಡಬಾರದು. ನಾನು ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರ ಮುಖ ದಿನಾ ನೋಡುವವಳು, ಆದರೂ ಅದನ್ನು ನೋಡಲಾರೆ.

ಗುನಗರು ಶುಕ್ರವಾರ ಪೂಜೆ ಮುಗಿಸಿ ಸೈಕಲ್ಲಿನಲ್ಲಿ ಸೇತುವೆ ದಾಟಿ ಹೊನ್ನಾವರಕ್ಕೆ ಬರುತ್ತಿದ್ದರು. ಬಾಳೆಲೆಯ ಚೂರಿನಲ್ಲಿ ಕುಂಕುಮ, ನಾಲ್ಕು ಹೂವು. ವಾರ್ಡಿನಲ್ಲಿ ಯಾರ ಮಂಚದ ಬಳಿ ಯಾರೂ ಕೂತಿಲ್ಲವೋ ಅಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. ರೋಗದ ಮಾತು ಎತ್ತುತ್ತಿರಲಿಲ್ಲ. "ನಿಮ್ಮ ಬದಿಗೆ ಬಂಗಡೆ ಸಿಕ್ತದಾ ಈಗ?" ಎಂದು ಶುರುಮಾಡುತ್ತಿದ್ದರು. ಅಲ್ಲಿಂದ ತಾರ್ಲೆ ಮೀನು, ಬಳಚಿನ ಚಿಪ್ಪು, ಸಾರಿಗೆ ಹುಳಿ ಜಾಸ್ತಿ ಹಾಕುವ ಅತ್ತೆ. ಕಾಲು ಕತ್ತರಿಸಿಕೊಂಡು ಮೂರು ದಿನದಿಂದ ಗೋಡೆ ನೋಡುತ್ತಿದ್ದ ಮನುಷ್ಯ ಅತ್ತೆಯ ಹುಳಿಯ ಮಾತಿಗೆ ನಗುವುದನ್ನು ನಾನೇ ನೋಡಿದ್ದೇನೆ. ನಕ್ಕ ಮೇಲೆ ಅವನು ಅತ್ತ. ಗುನಗರು ಎದ್ದು ಹೋಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅವನು ಅತ್ತು ಮುಗಿಯುವವರೆಗೆ ಅವನ ಉಳಿದ ಕಾಲಿನ ಮೇಲೆ ಕೈಯಿಟ್ಟು ಕೂತಿದ್ದರು. ನಮ್ಮ ಡಾಕ್ಟರು ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು, ಆದರೆ ಹೊರಗೆ ಹೋಗಿ ಎಂದು ಒಮ್ಮೆಯೂ ಹೇಳಲಿಲ್ಲ.

ಒಮ್ಮೆ ಜಾಲಿಯ ಕಡೆಯ ಸಾಬರ ಅಜ್ಜಿಯೊಬ್ಬಳು ಇದ್ದಳು. ಹೊನ್ನಾವರದ ಮಗಳ ಮನೆಗೆ ಬಂದಾಗ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಅವಳ ಮಾತು ನವಾಯತಿ, ಗುನಗರಿಗೆ ಅದು ಅರ್ಧಂಬರ್ಧ. ಬಾಳೆಲೆಯನ್ನು ಕಿಟಕಿಯ ಮೇಲಿಟ್ಟು, ಬರಿಗೈಯಲ್ಲಿ ಕೂತು, "ಅಜ್ಜೀ, ನಿಮ್ಮ ದೇವ್ರಿಗೆ ನೀವು ಹೇಳಿ. ನಾ ಹಿಂದೆ ನಿಂತ್ಕಂತೆ," ಎಂದರು. ಅಜ್ಜಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಇವರು ಹೇಳಿದ ಹಾಗೆಯೇ ಎದ್ದು ಹಿಂದೆ ಹೋಗಿ ನಿಂತರು. ನನಗೆ ನಗು ಬಂದಿತ್ತು. ಅಜ್ಜಿ ಆಮೇಲೆ ಪ್ರತಿ ಶುಕ್ರವಾರ ಬಾಗಿಲ ಕಡೆ ನೋಡುತ್ತಿದ್ದಳು.

ನನ್ನ ಮತ್ತು ಅವರ ಗುಟ್ಟಿನ ವ್ಯವಹಾರ ಶುರುವಾದದ್ದು ಹೊಳೆ ನಡುವಿನ ಮಾವಿನಕುರ್ವೆಯ ಒಬ್ಬನಿಂದ. ಅವನಿಗೆ ಕ್ಷಯ. ಗುಳಿಗೆಯನ್ನು ಎರಡು ತಿಂಗಳು ನುಂಗಿ, ಕೆಮ್ಮು ನಿಂತಿತೆಂದು ಬಿಟ್ಟ, ಮತ್ತೆ ರಕ್ತ ಕಾರಿದ. ನಾನು ದೋಣಿ ಹತ್ತಿ ಅವನ ಮನೆಗೆ ಹೋಗಿ ಬೈದು ಬಂದೆ, ಕೈಮುಗಿದು ಬಂದೆ, ಏನೂ ಆಗಲಿಲ್ಲ. ಸೋತು ಗುನಗರ ಹತ್ತಿರ ಹೇಳಿಕೊಂಡೆ. ಅವರು ತಲೆ ಕೆರೆದುಕೊಂಡರು. "ಅವ ಮಂಗಳವಾರ ಪ್ರಸಾದ ಕೇಳೂಕೆ ಬತ್ತ. ಅಮ್ಮ ಎಂತ ಹೇಳ್ಬೇಕು, ನೀವೇ ಹೇಳಿ ಸಿಸ್ಟ್ರೇ."

"ಆರು ತಿಂಗ್ಳು ಗುಳಿಗೆ ಒಂದ್ ದಿನವೂ ತಪ್ಸೂಕಿಲ್ಲ."

"ಆತು. ಹೇಳ್ಸುವ."

ಮಂಗಳವಾರ ಬಲದ ಹೂವು ಬಿತ್ತು. ಅವನು ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಈಗಲೂ ಹೊಳೆಯಲ್ಲಿ ಮುಳುಗಿ ಬಳಚು ತೆಗೆಯುತ್ತಾನೆ, ದಾರಿಯಲ್ಲಿ ಕಂಡರೆ ಅಮ್ಮನ ದಯೆ ಎನ್ನುತ್ತಾನೆ, ನನ್ನನ್ನು ಕೇಳುವವರಿಲ್ಲ.

ಗುಟ್ಟೇನು ಎಂದು ನಾನು ಬಿಡದೆ ಕೇಳಿದೆ. ಅವರು ಮುಚ್ಚಿಡಲಿಲ್ಲ. ಹೂವನ್ನು ಪೂರ್ತಿ ಅದ್ದಿದರೆ ಅದು ಕಲ್ಲನ್ನು ಗಟ್ಟಿ ಹಿಡಿದುಕೊಳ್ಳುತ್ತದೆ. ಬೆರಳ ತುದಿಯ ಪಸೆಯಷ್ಟನ್ನೇ ತಾಗಿಸಿ ಹಚ್ಚಿದರೆ ಬೇಗ ಒಣಗಿ ಬೀಳುತ್ತದೆ. ಅಷ್ಟೇ. "ಹಂಗಾರೆ ದೇವ್ರು ಎಂತಕ್ಕೆ ಗುನಗರೇ?" ಎಂದು ಛೇಡಿಸಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಕೈ ನಂದು ಸಿಸ್ಟ್ರೇ. ಬೀಳ್ಸೂದು ಅಮ್ಮನೇ," ಎಂದರು. ಅದನ್ನು ಅವರು ಪೂರ್ತಿ ನಂಬಿದ್ದರು. ಜಾಗದ ತಕರಾರು, ಮದುವೆ, ಕಳುವು ಎಂದು ಬಂದವರಿಗೆ ಎರಡೂ ಹೂವನ್ನು ಸಮ ಅದ್ದಿ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದರು, ಅಲ್ಲಿ ಅಮ್ಮನ ಇಷ್ಟ. ಜೀವ ತೊಳಲುತ್ತಿದ್ದವರಿಗೆ ಮಾತ್ರ ಬೆರಳ ಸಹಾಯ. ಎಷ್ಟು ಜನರನ್ನು ಹಾಗೆ ಆಸ್ಪತ್ರೆಗೆ ಕಳಿಸಿದರೋ! ಹಾವು ಕಚ್ಚಿದವರು, ಹೆರಿಗೆಗೆ ಹೆದರಿದವರು. ನಾನು ಫೋನ್ ಮಾಡುವುದು, ಅವರು ಬೀಳಿಸುವುದು. ನಾವಿಬ್ಬರೂ ಒಳ್ಳೆಯ ಕೆಲಸವನ್ನೇ ಮಾಡುತ್ತಿದ್ದೇವೆಂದು ನನಗೆ ಬಹಳ ಹೆಮ್ಮೆಯಿತ್ತು.

ಆ ಹೆಮ್ಮೆಯ ಫಲ ನನ್ನ ತಂಗಿ ನಾಗವೇಣಿ ತಿಂದಳು.

ಅವಳನ್ನು ಸೇತುವೆಯಾಚೆಯ ಕಾಸರಕೋಡಕ್ಕೆ ಕೊಟ್ಟಿತ್ತು. ಗಂಡ ಮಂಜುನಾಥ ದೋಣಿಯವನು. ಒಂಬತ್ತು ವರ್ಷದ ಹಿಂದೆ, ಮಳೆಗಾಲದ ರಜೆ ಮುಗಿದು ದೋಣಿ ಕಡಲಿಗೆ ಇಳಿದ ಮೊದಲ ವಾರ, ಅಳಿವೆಯ ಬಾಯಲ್ಲಿ ಅವರ ದೋಣಿ ಮಗುಚಿತು. ನಾಲ್ವರಲ್ಲಿ ಮೂವರು ಈಜಿ ದಡ ಸೇರಿದರು. ಮಂಜುನಾಥ ಸೇರಲಿಲ್ಲ. ಹೆಣವೂ ಸಿಗಲಿಲ್ಲ. ಹೊಳೆ ಸಮುದ್ರಕ್ಕೆ ಬೀಳುವ ಆ ಜಾಗದ ಸೆಳೆತ ಗೊತ್ತಿದ್ದವರೆಲ್ಲ ಎರಡನೇ ದಿನಕ್ಕೇ ಹುಡುಕುವುದನ್ನು ಬಿಟ್ಟು, ಮನೆಯವರ ಮುಂದೆ ಮಾತ್ರ ಹುಡುಕುತ್ತಿದ್ದಂತೆ ಮಾಡುತ್ತಿದ್ದರು. ಯಾರೋ ಒಬ್ಬ ಪುಣ್ಯಾತ್ಮ, ಗೋವಾ ಕಡೆಯ ದೋಣಿಯವರು ಎತ್ತಿಕೊಂಡಿರಲೂಬಹುದು ಎಂದ. ನಾಗವೇಣಿ ಅದೊಂದೇ ಮಾತನ್ನು ಹಿಡಿದು ಕೂತಳು. ಅನ್ನ ಬಿಟ್ಟಳು. ಎಂಟನೇ ದಿನ ನಾನು ಮನೆಯಲ್ಲೇ ಡ್ರಿಪ್ ಹಾಕಿದರೆ ಸೂಜಿ ಕಿತ್ತೆಸೆದಳು. ಅವಳ ನಾಡಿ ಹಿಡಿದು ನೋಡಿದವಳು ನಾನು. ಅದು ಬೆರಳಿಗೆ ಸಿಗುವುದೇ ಕಷ್ಟವಾಗಿತ್ತು. ಅಂದು ಮಧ್ಯಾಹ್ನವೇ ಗುಡಿಗೆ ಓಡಿದೆ.

ಗುನಗರು ತಾಮ್ರದ ತಂಬಿಗೆ ತಿಕ್ಕುತ್ತಿದ್ದರು. ಅವಳಿಗೆ ಬಲದ ಹೂವು ಬೀಳಿಸಿ ಎಂದು ನಾನು ಬೇಡಿದ್ದನ್ನು ಪೂರ್ತಿ ಕೇಳಿಸಿಕೊಂಡು, ಆಗದು ಎಂದು ತಲೆಯಾಡಿಸಿದರು. "ಜೀವ ಇದ್ದವ್ರಿಗೆ ಮಾಡ್ದೆ ಸಿಸ್ಟ್ರೇ. ಹೋದವ್ರ ವಿಷಯ್ದಲ್ಲಿ ಮಾಡೂಕಿಲ್ಲ."

"ಹೋದದ್ದು ಯಾರು ನೋಡಿದ್ರು?"

"ನಿಮಗೆ ಗೊತ್ತಿಲ್ಲಾ?"

ಗೊತ್ತಿತ್ತು. "ಇವ್ಳೂ ಹೋದ್ರೆ?" ಎಂದು ಅತ್ತುಬಿಟ್ಟೆ. ಅವರು ಬಹಳ ಹೊತ್ತು ತಂಬಿಗೆಯನ್ನೇ ತಿಕ್ಕಿದರು. ಆಮೇಲೆ ಒಂದು ಮಾತು ಕೇಳಿದರು. "ಒಂದ್ ಹೂವಿಗೆ ಎಷ್ಟ್ ದಿನ ಊಟ ಮಾಡ್ತಾಳೆ ಅವ್ಳು?"

"ನಾಲ್ಕು ದಿನ ಮಾಡ್ಲಿ. ಆಮೇಲೆ ನಾನೇ ನಿಧಾನಕ್ಕೆ ತಿಳಿಸಿ ಹೇಳ್ತೆ," ಎಂದೆ.

ಮಾರನೆಯ ದಿನ ನಾನೂ ಅವಳ ಅತ್ತೆಯೂ ಆಚೀಚೆ ಹಿಡಿದುಕೊಂಡು ಅವಳನ್ನು ಕರೆತಂದೆವು. ಗುನಗರು ಅಮ್ಮನ ಎದುರು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಅಮ್ಮಾ, ನಿನ್ನ ಮಗಳು ಬಂದಾಳೆ. ನೀರಿಗೆ ಹೋದ ಗಂಡ ಮನೆಗೆ ಬರ್ಲಿಲ್ಲ. ಜೀವದಲ್ಲಿದ್ರೆ ಬಲ ಕೊಡು. ಇಲ್ದಿದ್ರೆ ಎಡ ಕೊಡು." ಹೂವು ಹಚ್ಚುವಾಗ ಅವರ ಬೆನ್ನು ನಮ್ಮ ಕಡೆಗಿತ್ತು. ಬಲದ ಹೂವು ಬೇಗ ಬಿತ್ತು, ಹತ್ತು ನಿಮಿಷವೂ ಆಗಿರಲಿಲ್ಲ. ಅತ್ತೆ ನೆಲಕ್ಕೆ ಬಿದ್ದು ಕೈಮುಗಿದಳು. ನಾಗವೇಣಿ ಗುಡಿಯ ಅಂಗಳದಲ್ಲೇ ಕೂತು ಗಂಜಿ ಉಂಡಳು, ಎರಡನೇ ಸಲ ಹಾಕಿಸಿಕೊಂಡಳು. ನನಗಾದ ಸಂತೋಷವನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಿಧಾನಕ್ಕೆ ಹೇಳುತ್ತೇನೆ ಎಂದವಳು ನಾನು. ನಾಲ್ಕು ದಿನ ಕಳೆಯಿತು, ಅವಳು ಇನ್ನೂ ನಿಶ್ಶಕ್ತಿಯಲ್ಲಿದ್ದಳು. ತಿಂಗಳಾಯಿತು, ಅವಳು ನಗಲು ಶುರುಮಾಡಿದ್ದಳು, ನಗುವವಳಿಗೆ ಹೇಗೆ ಹೇಳುವುದು? ಅಷ್ಟರಲ್ಲಿ ಮಂಜುನಾಥನ ಅಣ್ಣ ಬಂದು, ದರ್ಭೆಯಲ್ಲಿ ಆಕಾರ ಮಾಡಿ ಸುಟ್ಟು ಅವನ ಕ್ರಿಯೆ ಮುಗಿಸುವ ಎಂದ. ನಾಗವೇಣಿ ಬಾಗಿಲಲ್ಲಿ ಅಡ್ಡ ನಿಂತಳು. "ಅಮ್ಮ ಬಲ ಕೊಟ್ಟಾಳೆ. ಜೀವ ಇದ್ದವನಿಗೆ ಕೊಳ್ಳಿ ಇಡ್ತ್ರಾ?" ಅದಕ್ಕೆ ಎದುರು ಮಾತಾಡುವ ಧೈರ್ಯ ಯಾರಿಗೂ ಬರಲಿಲ್ಲ. ನಾನು ಅಲ್ಲೇ ಇದ್ದೆ, ಚಾ ಲೋಟ ಹಿಡಿದುಕೊಂಡು ಕೂತಿದ್ದೆ.

ಆಮೇಲೆ ಪ್ರತಿ ವರ್ಷ ದೋಣಿ ಇಳಿಯುವ ವಾರ ಅವಳು ಪ್ರಸಾದ ಕೇಳತೊಡಗಿದಳು. ಅದಕ್ಕೆಂದೇ ಹಿತ್ತಲಲ್ಲಿ ಒಂದು ಕೇಪಳದ ಗಿಡ ನೆಟ್ಟಳು. ಹೂವನ್ನು ತಾನೇ ಕೊಯ್ದು ತರುತ್ತಿದ್ದಳು, ಗುನಗರು ಅದನ್ನೇ ಅದ್ದಿ ಹಚ್ಚುತ್ತಿದ್ದರು. ಎಡಕ್ಕೆ ಬೀಳಿಸುವುದು ಅವರಿಂದಾಗಲಿಲ್ಲ. ಒಂದು ವರ್ಷ ಸುಳ್ಳು ಹೇಳಿದ ಮೇಲೆ ಎರಡನೇ ವರ್ಷ ಸತ್ಯ ಹೇಳಿದರೆ, ಆ ನಡುವಿನ ವರ್ಷದಲ್ಲಿ ಅವನು ಎಲ್ಲೋ ಇದ್ದು ಸತ್ತ ಹಾಗಾಗುತ್ತದಲ್ಲ, ನಾವು ಸರಿಯಾಗಿ ಹುಡುಕಲಿಲ್ಲ ಎಂದು ಅವಳು ಕೊರಗುವುದಿಲ್ಲವೇ ಎಂದು ನನ್ನನ್ನು ಕೇಳಿದರು.

ಅವಳ ಅತ್ತೆ ನಾಲ್ಕನೇ ವರ್ಷ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ ಮನೆಯ ಹಿರಿಯರಿಗೆಲ್ಲ ಎಡೆ ಇಡುವಾಗ ಮಗನಿಗೆ ಇಡಲೋ ಬೇಡವೋ ಎಂದು ಆ ಮುದುಕಿ ಪ್ರತಿ ವರ್ಷವೂ ಎಲೆ ಹಿಡಿದುಕೊಂಡು ನಿಲ್ಲುತ್ತಿದ್ದಳಂತೆ. ಇಟ್ಟರೆ ಅಪಶಕುನ, ಇಡದಿದ್ದರೆ ಹಸಿದ ಮಗ. ಕೊನೆಗೂ ಇಡದೆಯೇ ಹೋದಳು. ನಾಗವೇಣಿ ಈಗಲೂ ವಾರಕ್ಕೊಮ್ಮೆ ಗಂಡನ ಅಂಗಿಗಳನ್ನು ಒಗೆದು ಒಣಗಿಸುತ್ತಾಳೆ. ಯಾರೂ ತೊಡದ ಅಂಗಿಗಳು ಒಗೆದೂ ಒಗೆದೂ ಬಣ್ಣ ಬಿಟ್ಟಿವೆ. ಅವಳಿಗೆ ನಲವತ್ತೊಂದು. ಮೊದಮೊದಲು ಮರುಮದುವೆಯ ಮಾತು ಒಂದೆರಡು ಬಂದಿತ್ತು, ಗಂಡ ಇದ್ದವಳಿಗೆ ಎಂತ ಮದುವೆ ಎಂದು ಅವಳೇ ಓಡಿಸಿದಳು.

ಗುನಗರು ಕುಗ್ಗುತ್ತಾ ಬಂದದ್ದು ನನಗೆ ಕಾಣುತ್ತಿತ್ತು. ಶುಕ್ರವಾರ ಬರುವುದು ಕಡಿಮೆಯಾಯಿತು. ಬಂದರೂ ಮೀನಿನ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಾಗವೇಣಿಯ ಮನೆಯ ದಾರಿಯನ್ನು ಬಿಟ್ಟು ಸುತ್ತು ಬಳಸಿ ಸೈಕಲ್ ತುಳಿಯುತ್ತಿದ್ದರು. ಇಷ್ಟು ಜನರ ದುಃಖದ ಬಳಿ ಕೂತ ಮನುಷ್ಯ ಒಬ್ಬಳ ನಂಬಿಕೆಗೆ ಹೆದರಿ ಓಡಾಡುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು. ಅದಕ್ಕೆ ಕಾರಣ ನಾನೇ ಎಂದು ಅವರು ಒಮ್ಮೆಯೂ ಆಡಿ ತೋರಿಸಲಿಲ್ಲ.

ಎರಡು ವರ್ಷದ ಹಿಂದೆ, ಅವಳು ಪ್ರಸಾದ ಕೇಳಿದ ಮಾರನೆಯ ಬೆಳಿಗ್ಗೆ, ಅವರು ಆಸ್ಪತ್ರೆಗೆ ಬಂದು ಹೊರಗಿನ ನಲ್ಲಿಯ ಬಳಿ ನನ್ನನ್ನು ಕರೆದರು. ಮುಖ ನೋಡಿ ಹೆದರಿದೆ.

"ಈ ಸಲ ನಾ ಎಂತದೂ ಮಾಡ್ಲಿಲ್ಲ ಸಿಸ್ಟ್ರೇ. ಎರಡೂ ಹೂವು ಸಮ ಅದ್ದಿದೆ. ಎಡಕ್ಕೆ ಬೀಳ್ತದೆ, ಅವ್ಳು ಅಳ್ತಾಳೆ, ನಾ ಅವ್ಳ ಕಾಲು ಹಿಡ್ಕಂತೆ, ಮುಗೀತದೆ ಅಂದ್ಕಂಡಿದ್ದೆ."

"ಮತ್ತೆ?"

"ಬಲದ್ದೇ ಬಿತ್ತು."

ಆಗ ನಾನು ಮಾಡಿದ ತಪ್ಪನ್ನು ಬರೆಯಲು ನಾಚಿಕೆಯಾಗುತ್ತದೆ. ನರ್ಸು ನಾನು, ಅಳಿವೆಯ ಸೆಳೆತ ಬಲ್ಲವಳು, ಮೊದಲ ಸುಳ್ಳನ್ನು ಕೈಹಿಡಿದು ಹೇಳಿಸಿದವಳು. ಆದರೂ ನನ್ನ ಬಾಯಿಂದ ಬಂದದ್ದು, "ಹಂಗಾರೆ ಅವ ಇದ್ದಾನಾ ಗುನಗರೇ?"

ಅವರು ನನ್ನನ್ನು ಬಹಳ ಕನಿಕರದಿಂದ ನೋಡಿದರು. "ನಿಮಗೂ ಹಿಡೀತಲ್ಲ," ಎಂದರು. ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ಬಿಗಿ ಮಾಡಿ ಮುಂದುವರಿಸಿದರು. "ಒಂದೋ ಅಮ್ಮ ನನ್ನ ಸುಳ್ಳಿಗೆ ಕೈ ಸೇರ್ಸಿದ್ಲು. ಇಲ್ಲಾ, ಅಲ್ಲಿ ಕಲ್ಲು ಬಿಟ್ರೆ ಯಾರೂ ಇಲ್ಲ. ಎರಡರಲ್ಲಿ ಯಾವ್ದಾದ್ರೂ ನಾ ಇನ್ನು ಹೂ ಮುಟ್ಟೂಕಿಲ್ಲ."

ಮುಟ್ಟಲಿಲ್ಲ. ಪೂಜೆಯನ್ನು ತಮ್ಮನ ಮಗನಿಗೆ ಬಿಟ್ಟರು. ತಾನು ಬದುಕಿರುವ ತನಕ ಯಾರೂ ಪ್ರಸಾದ ಹಚ್ಚುವುದು ಬೇಡ ಎಂದು ಅವನಿಂದ ಮಾತು ತೆಗೆದುಕೊಂಡರು. ಆಸ್ಪತ್ರೆಗೆ ಬರುವುದನ್ನೂ ನಿಲ್ಲಿಸಿದರು. ಬಂದದ್ದು ಹೊಟ್ಟೆಯ ಗಡ್ಡೆ ಹೊತ್ತುಕೊಂಡು. ಮಂಗಳೂರಿಗೆ ಒಯ್ಯಲು ತಮ್ಮನ ಮಗ ತಯಾರಿದ್ದ, ಇವರೇ ಒಪ್ಪಲಿಲ್ಲ.

ಅವರು ಊರವರಿಗೆಲ್ಲ ಮಾಡಿದ್ದನ್ನು ಅವರಿಗೆ ಮಾಡಲು ನಾನು ಪ್ರಯತ್ನಪಟ್ಟೆ. ಡ್ಯೂಟಿ ಮುಗಿಸಿ ಸ್ಟೂಲು ಎಳೆದುಕೊಂಡು ಕೂತೆ. "ಈಗ ಬಂಗಡೆ ಒಳ್ಳೇದು ಬತ್ತದೆ ಗುನಗರೇ," ಎಂದೆ. ಅವರು ಒಂದಿಷ್ಟು ನಕ್ಕು, "ನನ್ನ ಮದ್ದು ನಂಗೇ ಕೊಡ್ತ್ರಾ?" ಎಂದು ಗೋಡೆಯ ಕಡೆ ತಿರುಗಿದರು. ಇನ್ನೊಂದು ದಿನ, ಅಮ್ಮನಿಗೆ ಹೇಳಿಕೊಂಡು ಬರುತ್ತೇನೆ ಎಂದೆ. "ಯಾರಿಗೆ ಹೇಳ್ತ್ರಿ?" ಎಂದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ. ನಾನು ಎಷ್ಟೋ ಸಾವು ನೋಡಿದ್ದೇನೆ. ಅಷ್ಟು ಬರಿಗೈಯಲ್ಲಿ ಮಲಗಿದವರನ್ನು ನೋಡಿಲ್ಲ.

ದಿನಾ ಮಧ್ಯಾಹ್ನ ಕಾಸರಕೋಡದಿಂದ ಬಸ್ಸು ಹತ್ತಿ ಗಂಜಿ ತರುತ್ತಿದ್ದವಳು ನಾಗವೇಣಿ. ಚಮಚದಲ್ಲಿ ಕುಡಿಸಿ, ಬಾಯಿ ಒರೆಸಿ, "ನನ್ನನ್ನು ಉಳ್ಸಿದವ್ರು ನೀವು. ಅಮ್ಮ ನಿಮ್ಮನ್ನ ನೋಡ್ಕಂತಾಳೆ," ಎನ್ನುತ್ತಿದ್ದಳು. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅವಳು ಅದನ್ನು ಪ್ರಾರ್ಥನೆ ಎಂದುಕೊಳ್ಳುತ್ತಿದ್ದಳು.

ಒಂದು ದಿನ ಅವಳು ಪಾತ್ರೆ ತೊಳೆಯಲು ಹೋದಾಗ ನನ್ನ ಕೈ ಹಿಡಿದರು. "ನಾ ಹೋದ ಮೇಲೆ ನೀವು ಹೇಳಿ ಸಿಸ್ಟ್ರೇ. ನಂಗೆ ಧೈರ್ಯ ಇಲ್ಲ. ಹೂವು ನಾನೇ ಬೀಳ್ಸಿದ್ದು ಅಂತ ಹೇಳಿ. ನಿಮ್ಮ ಹೆಸ್ರು ಹೇಳ್ಬೇಡಿ. ಅವ್ಳಿಗೆ ಅಕ್ಕನಾದ್ರೂ ಉಳೀಲಿ."

ಹೇಳುತ್ತೇನೆ ಎಂದೆ. ಮೂರನೇ ದಿನ ಬೆಳಿಗ್ಗೆ ಹೋದರು. ಅಂದು ತಮ್ಮನ ಮಗ ಬರುವುದು ತಡವಾಯಿತು, ಬಾಯಿಗೆ ತುಳಸಿ ನೀರು ಬಿಟ್ಟದ್ದು ನಾಗವೇಣಿಯೇ.

ನಾನು ಹೇಳಲಿಲ್ಲ. ಹನ್ನೊಂದನೇ ದಿನ ಕಳೆಯಲಿ ಎಂದೆ, ಹದಿಮೂರನೇ ದಿನ ಕಳೆಯಲಿ ಎಂದೆ. ಆಮೇಲೆ ದೋಣಿ ಇಳಿಯುವ ವಾರ ಬಂತು. ಗುಡಿಯಲ್ಲಿ ತಮ್ಮನ ಮಗ ಪ್ರಸಾದ ಹಚ್ಚಲು ಶುರುಮಾಡಿದ್ದ. ಅವನು ನೇರ ಮನುಷ್ಯ, ದೊಡ್ಡಪ್ಪನ ಬೆರಳಿನ ಗುಟ್ಟು ಅವನಿಗೆ ಗೊತ್ತಿಲ್ಲ, ಎಲ್ಲ ಹೂವನ್ನೂ ಒಂದೇ ಸಮ ಅದ್ದಿ ಹಚ್ಚುತ್ತಾನೆ. ಹೋಗಲಿ, ಹೂವೇ ಹೇಳಲಿ, ನನ್ನ ಬಾಯಿಂದ ಬೇಡ ಎಂದು ನಾನು ಅವಳ ಜೊತೆ ಹೋದೆ.

ಅವಳು ಹಿತ್ತಲ ಕೇಪಳದ ಹೂವನ್ನು ಬಾಳೆಲೆಯಲ್ಲಿ ತಂದಿದ್ದಳು. ಅವನು ಅದೇ ಪ್ರಶ್ನೆಯನ್ನು ಅಮ್ಮನಿಗೆ ಹೇಳಿ ಹಚ್ಚಿದ. ಮುಕ್ಕಾಲು ತಾಸು ನಿಂತೆವು. ಎಡದ ಹೂವು ಬಿತ್ತು. ಅದು ಪೀಠಕ್ಕೆ ತಾಗಿ ಕೆಳಗೆ ಉರುಳಿದ್ದನ್ನು ನಾವಿಬ್ಬರೂ ನೋಡಿದೆವು. ತಮ್ಮನ ಮಗ ತಿರುಗಿ ನೋಡಲಾರದೆ ಹಾಗೇ ನಿಂತ. ನಾನು ಅವಳು ಬಿದ್ದರೆ ಹಿಡಿಯಲು ಕೈ ಚಾಚಿದೆ.

ಅವಳು ಬೀಳಲಿಲ್ಲ. ಕುಂಕುಮ ಹಚ್ಚಿಕೊಂಡು, ಉಳಿದ ಹೂವನ್ನು ಎಲೆಯಲ್ಲಿ ಮಡಚಿ, ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಬಸ್ಸಿಗೆ ನಡೆಯುತ್ತಾ ನನ್ನ ತೋಳು ಹಿಡಿದುಕೊಂಡು ಹೇಳಿದಳು: "ಇವ್ನಿಗೆ ಇನ್ನೂ ಹಚ್ಚೂಕೆ ಬರೂದಿಲ್ಲ ಅಕ್ಕಾ. ಗುನಗರ ಕೈಯೇ ಬೇರೆ. ಅವ್ರು ಹಚ್ಚಿದ್ರೆ ಬಲದ್ದೇ ಬೀಳ್ತಿತ್ತು, ಅಲ್ಲಾ?"

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು," ಎಂದೆ.